ಅಗ್ಗಣಿಯ ಹೌಜು

ನಮ್ಮ ಮನೆಯ ನೀರು ಕದಿಯುವವರು ಸಿಕ್ಕರೆ ಏನು ಮಾಡಬೇಕೆಂದು ನಾನು ಆರು ವಾರ ಯೋಚಿಸಿದೆ. ಕದಿಯುವವರು ಯಾರಿರಬಹುದು ಎಂದು ಯೋಚಿಸಲು ಮಾತ್ರ ಆರು ನಿಮಿಷವನ್ನೂ ಕೊಡಲಿಲ್ಲ. ಹೆಸರು ಮೊದಲೇ ಸಿದ್ಧವಿತ್ತು: ಮಾಳಮ್ಮ. ನಮ್ಮ ಮನೆಯ ಮುಂದಿನ ಎರಡು ಖೋಲಿಗಳಲ್ಲಿ ಬಾಡಿಗೆಗೆ ಇರುವವಳು. ಬೆಳಗಾದರೆ ಮೂರು ಒಲೆ ಹೊತ್ತಿಸಿ ಜೋಳದ ಖಡಕ್ ರೊಟ್ಟಿ ಬಡಿಯುತ್ತಾಳೆ, ಒಣಗಿಸಿ ಕಟ್ಟು ಕಟ್ಟಿ ಎಸ್.ಟಿ. ಬಸ್ಸಿಗೆ ಹಾಕಿ ಉದಗೀರ, ನಿಲಂಗಾದ ಖಾನಾವಳಿಗಳಿಗೆ ಕಳಿಸುತ್ತಾಳೆ. ಹಿಟ್ಟು ನಾದಲು ನೀರು ಬೇಕು, ನಾದಿದ ಪರಾತ ತೊಳೆಯಲು ನೀರು ಬೇಕು. ಮನೆಯಲ್ಲಿ ನೀರು ಕಡಿಮೆಯಾದರೆ ಕಣ್ಣು ಯಾರ ಮೇಲೆ ಹೋಗಬೇಕು? ಪೂಜೆ ಮಾಡುವವರ ಮೇಲೆ ಹೋಗುತ್ತದೆಯೇ?

ಕನ್ನಡ ಮರಾಠಿ ಕೂಡುವ ಗಡಿಯ ಔರಾದ ಶಹಾಜನಿಯಲ್ಲಿ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನಳ ಬರುತ್ತದೆ, ಒಂದೂವರೆ ತಾಸು. ಆ ಒಂದೂವರೆ ತಾಸಿನಲ್ಲಿ ಅಂಗಳದ ನೆಲದೊಳಗಿನ ಹೌಜು, ಎಂದರೆ ನೀರಿನ ತೊಟ್ಟಿ, ತುಂಬಿಸಿಕೊಂಡವರು ಗೆದ್ದರು. ನಮ್ಮ ಹೌಜು ದೊಡ್ಡದು, ಮಾವನವರ ಕಾಲದ್ದು. ಅದರಿಂದ ಮೋಟಾರು ನೀರನ್ನು ಮಾಳಿಗೆಯ ಮೇಲಿನ ಕರಿ ಟಾಕಿಗೆ ಏರಿಸುತ್ತದೆ, ಟಾಕಿಯಿಂದ ಕೊಳವೆಗಳು ಬಚ್ಚಲಿಗೆ, ಅಡುಗೆಮನೆಗೆ, ದೇವರ ಖೋಲಿಗೆ ಇಳಿದಿವೆ. ಮಾಳಮ್ಮ ಮಾತ್ರ ಅಂಗಳದ ಹೌಜಿನ ಬಾಯಿಯಿಂದಲೇ ಕೊಡದಲ್ಲಿ ಸೇದಿಕೊಳ್ಳುತ್ತಾಳೆ. ನಾನು, ಯಜಮಾನರು, ಮಗ ಸಂಗಮೇಶ್ವರ, ಸೊಸೆ ಧನಶ್ರೀ, ಮುಂದೆ ಮಾಳಮ್ಮ ಮತ್ತು ಅವಳ ಮಗಳು ಪ್ರಣಿತಾ, ಒಟ್ಟು ಆರು ಜನ. ಎಂಟು ದಿನ ಕಳೆದು ಒಂಬತ್ತನೆಯ ದಿನಕ್ಕೂ ತಳದಲ್ಲಿ ಒಂದಿಷ್ಟು ನೀರು ಉಳಿಯುತ್ತಿತ್ತು. ದೀಪಾವಳಿ ಕಳೆದದ್ದೇ ತಡ, ನೀರು ಏಳೇ ದಿನಕ್ಕೆ ಮುಗಿಯಿತು, ಆಮೇಲೆ ಆರಕ್ಕೆ ಬಂತು, ಕೊನೆಗೆ ಐದನೆಯ ದಿನವೇ ಹಗ್ಗ ಬಿಟ್ಟರೆ ಕೊಡ ಕಲ್ಲಿಗೆ ಬಡಿದು ಡಣ್ ಎಂದಿತು. ಉಳಿದ ದಿನ ಟ್ಯಾಂಕರಿನವನ ಕಾಲು ಹಿಡಿಯುವುದಾಯಿತು.

ದೇವರ ಖೋಲಿಯ ಕೊಳವೆಯ ವಿಷಯ ಈಗಲೇ ಹೇಳಿಬಿಡುತ್ತೇನೆ. ನಾವು ಜಂಗಮರು. ಯಜಮಾನರು ಗುರುಸಿದ್ಧಯ್ಯನವರು. ಸುತ್ತಲಿನ ಭಕ್ತರ ಮನೆಗಳಲ್ಲಿ ಪೂಜೆ, ಲಿಂಗಧಾರಣೆ, ಮದುವೆ ಎಲ್ಲ ಅವರ ಕೈಯಿಂದಲೇ ಆಗಬೇಕು. ಲಿಂಗಪೂಜೆಯ ನೀರಿಗೆ ನಾವು ಅಗ್ಗಣಿ ಎನ್ನುತ್ತೇವೆ. ದೇವರ ಖೋಲಿಯ ಮೂಲೆಯಲ್ಲಿ ಅದಕ್ಕೆಂದೇ ಒಂದು ಪುಟ್ಟ ಕಲ್ಲಿನ ಹೌಜು ಇದೆ. ನೆಲದೊಳಗೆ ಸೊಂಟದಷ್ಟು ಆಳ, ಮೇಲೆ ಹಿತ್ತಾಳೆಯ ಮುಚ್ಚಳ. ಮಿಂದು ಮಡಿ ಉಟ್ಟ ಯಜಮಾನರ ಹೊರತು ಆ ಮುಚ್ಚಳವನ್ನು ಯಾರೂ ಎತ್ತುವಂತಿಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ಅದರೊಳಗೆ ಹೇಗಿದೆ ಎಂದು ನಾನೇ ನೋಡಿರಲಿಲ್ಲ.

ಮೊದಲೆಲ್ಲ ಅವರು ಮಠದ ಬಾವಿಯಿಂದ ಅಗ್ಗಣಿಯನ್ನು ತಾವೇ ಹೊತ್ತು ತರುತ್ತಿದ್ದರು. ಮೂರು ವರ್ಷದ ಹಿಂದೆ ಮೊಣಕಾಲು ಹಿಡಿದುಕೊಂಡವು. ಆಗ ಸಂಗಮೇಶ್ವರ ಟಾಕಿಯಿಂದ ಒಂದು ಕೊಳವೆ ಎಳೆಸಿದ. ಅದೊಂದೇ ಸಲ ಅವನೂ ಮಡಿ ಉಟ್ಟು ಒಳಗೆ ಹೋಗಿ, ಕೊಳವೆಯ ತುದಿಗೆ ತೇಲುವ ಚೆಂಡಿನ ನಳ ಕೂಡಿಸಿ ಬಂದ. ನೀರು ಇಳಿದರೆ ಚೆಂಡೂ ಇಳಿದು ನಳ ತೆರೆಯುತ್ತದೆ, ತುಂಬಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಅದೇ ಅಂಗಳದ ನೀರು, ಅದೇ ಕರಿ ಟಾಕಿ. ಆದರೆ ಹಿತ್ತಾಳೆಯ ಮುಚ್ಚಳದ ಕೆಳಗೆ ಬಂದೊಡನೆ ಅದು ಅಗ್ಗಣಿ. ಈ ಮಾತಿಗೆ ನಾನು ಒಮ್ಮೆ ನಕ್ಕಿದ್ದಕ್ಕೆ ಯಜಮಾನರು ಎರಡು ದಿನ ಮಾತು ಬಿಟ್ಟಿದ್ದರು.

ಅವರ ಕಣ್ಣಿಗೆ ಮೋತಿಬಿಂದು ಬಂದು ಪೊರೆ ಕಟ್ಟಿದೆ. ಉದಗೀರಕ್ಕೆ ಹೋಗಿ ತೆಗೆಸಿಕೊಂಡು ಬನ್ನಿ ಎಂದರೆ ಬಸವ ಜಯಂತಿ ಆಗಲಿ, ಶ್ರಾವಣ ಆಗಲಿ ಎಂದು ವರ್ಷ ದೂಡುತ್ತಾರೆ. ಹೌಜಿನೊಳಗೆ ಅವರು ನೋಡುವುದಿಲ್ಲ, ಕೈ ಬಿಟ್ಟು ತಿಳಿಯುತ್ತಾರೆ. ದಿನವೂ ಕೈ ಬಿಟ್ಟಾಗ ನೀರು ಅಂಚಿಗೇ ಸಿಗುತ್ತಿತ್ತು. ಅದನ್ನೇ ಭಕ್ತರ ಮುಂದೆ ಹೇಳುತ್ತಿದ್ದರು.

“ಮನಿ ಹೌಜು ಬತ್ತತದ, ಟಾಕಿ ಬತ್ತತದ. ನಮ್ಮಪ್ಪ ಶಿವನ ಅಗ್ಗಣಿ ಮಾತ್ರ ಬತ್ತಂಗಿಲ್ಲ ನೋಡ್ರಿ. ದಿನಾ ಮುಂಜಾನಿ ಕೈ ಬಿಟ್ರ ಅಂಚಿಗೇ ನೀರ ಇರ್ತಾವ.”

ಭಕ್ತರು ಕೈ ಮುಗಿಯುತ್ತಿದ್ದರು. ನಾನೂ ಒಳಗೊಳಗೇ ಹೆಮ್ಮೆಪಡುತ್ತಿದ್ದೆ. ಸುಳ್ಳೇಕೆ ಹೇಳಲಿ?

ನಳ ಬರುವ ದಿನ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಹೊರಗೇ ಇರುತ್ತಾರೆ. ಎಳ್ಳಮಾಸಿಗೆ, ಹೊಲದಲ್ಲಿ ಉಣ್ಣುವ ಎಳ್ಳು ಅಮಾವಾಸ್ಯೆಗೆ, ಇನ್ನೂ ಮೂರು ವಾರ ಇದ್ದ ಅಂಥ ಒಂದು ದಿನ, ಎದುರುಮನೆಯ ಗೌರಾಬಾಯಿ ಮೊದಲಾಗಿ ಹತ್ತು ಹನ್ನೆರಡು ಜನರ ನಡುವೆ ನಾನು ಮಾಳಮ್ಮನನ್ನು ನಿಲ್ಲಿಸಿಕೊಂಡೆ.

“ಮಾಳಮ್ಮ, ದಿನಾ ಎಷ್ಟ ಕೊಡಾ ಒಯ್ತಿ?”

“ಎಂಟ್ರಿ ಅಮ್ಮೋರೆ.”

“ಎಂಟ ಕೊಡದಾಗ ಇಷ್ಟ ದೊಡ್ಡ ಹೌಜು ಬತ್ತತದೇನು? ನಮ್ಮ ನೀರ ಕದ್ದು ಉದಗೀರದೋರಿಗಿ ರೊಟ್ಟಿ ತಿನಸ್ಲಾಕತ್ತಿ. ಕಳ್ಳಿಗಿ ಮನಿ ಕೊಟ್ಟಂಗಾತು ನಮ್ಮದು!”

ಗೌರಾಬಾಯಿ ಸೆರಗು ಬಾಯಿಗೆ ಹಚ್ಚಿ ನಕ್ಕಳು. ಮಾಳಮ್ಮನ ಕೈಯಲ್ಲಿ ತುಂಬಿದ ಕೊಡ ಇತ್ತು. ಅದನ್ನು ಅವಳು ಕೆಳಗಿಡಲಿಲ್ಲ.

“ಎಂಟೇ ಒಯ್ತಿನ್ರಿ. ಬೇಕಂದ್ರ ನೀವೇ ಎಣಸ್ರಿ,” ಎಂದಳು.

ಎಣಿಸಿದೆ. ಮರುದಿನವೇ ಹೌಜಿನ ಬಾಯಿಗೆ ತಗಡಿನ ಮುಚ್ಚಳ ಮಾಡಿಸಿ ಬೀಗ ಹಾಕಿದೆ. ಬೆಳಿಗ್ಗೆ ಬೀಗ ತೆಗೆದು, ಎಂಟು ಕೊಡ ಎಣಿಸಿ, ಮತ್ತೆ ಹಾಕುತ್ತಿದ್ದೆ. ಅಷ್ಟಕ್ಕೇ ಸಿಟ್ಟು ತಣಿಯಲಿಲ್ಲ. ಎಳ್ಳಮಾಸಿಯ ಮರುದಿನ ಖೋಲಿ ಖಾಲಿ ಮಾಡು ಎಂದೂ ಹೇಳಿದೆ. ಪ್ರಣಿತಾಳ ಹನ್ನೆರಡನೆಯ ಇಯತ್ತೆಯ ಪರೀಕ್ಷೆಗೆ ಎರಡು ತಿಂಗಳು ಉಳಿದಿರಲಿಲ್ಲ. ಮೂರು ಒಲೆಯ ಹೊಗೆ ಎಂದರೆ ಔರಾದದಲ್ಲಿ ಯಾರೂ ಖೋಲಿ ಕೊಡುವುದಿಲ್ಲ. ಮಾಳಮ್ಮನಿಗೆ ಉಳಿದದ್ದು ಉದಗೀರದ ಆಚೆ, ಜಳಕೋಟದ ಹತ್ತಿರದ ಹಳ್ಳಿಯಲ್ಲಿರುವ ಅಣ್ಣನ ಮನೆ. ಅಲ್ಲಿಗೆ ಹೋದರೆ ಹುಡುಗಿಯ ಕಾಲೇಜು ಹೋಯಿತು, ಎಂಟು ವರ್ಷದಿಂದ ಕಟ್ಟಿಕೊಂಡ ರೊಟ್ಟಿಯ ಗಿರಾಕಿಗಳೂ ಹೋದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಬೀಗ ಹಾಕಿದ ಮೇಲೂ ಹೌಜು ಐದನೆಯ ದಿನಕ್ಕೇ ಬತ್ತಿತು, ಮುಂದಿನ ಸಲ ನಾಲ್ಕಕ್ಕೇ. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೆ ತಿಳಿದುಕೊಳ್ಳುತ್ತಿದ್ದರು. ನಾನು ಮಾತ್ರ ಮಾಳಮ್ಮ ಕಳ್ಳಕೀಲಿ ಮಾಡಿಸಿದ್ದಾಳೆ ಎಂದುಕೊಂಡೆ. ಕೀಲಿಯನ್ನು ತಾಳಿಸರದಲ್ಲಿ ಪೋಣಿಸಿಕೊಂಡು ಮಲಗತೊಡಗಿದೆ.

ಸಂಗಮೇಶ್ವರನಿಗೆ ಮಾತ್ರ ಸಂಶಯ ಬಂತು. “ಅವ್ವಾ, ಎಲ್ಯಾರೆ ಪೈಪ್ ಸೋರ್ಲಾಕತ್ತಿರಬೇಕು,” ಎಂದು ನಿಲಂಗಾದಿಂದ ಪಂಡಿತ ಎಂಬ ಪೈಪಿನ ಕೆಲಸದವನನ್ನು ಕರೆತಂದ. ಪಂಡಿತ ಗೋಡೆಗಳನ್ನು ಸವರಿದ, ನೆಲಕ್ಕೆ ಕಬ್ಬಿಣದ ಪಾನಾದಿಂದ ಕುಟ್ಟಿದ. ಎಲ್ಲೂ ಹಸಿ ಇಲ್ಲ, ಸುಣ್ಣ ಉದುರಿಲ್ಲ.

“ಬಚ್ಚಲದಾಗೇ ಅದ್ರಿ ಬಾಈ. ನನ್ನ ಕೈ ಹೇಳ್ತದ,” ಎಂದ.

ಅವನ ಕೈ ಹೇಳಿದ್ದನ್ನು ನಂಬಿ ಬಚ್ಚಲಿನ ನೆಲದ ಫರಸಿಕಲ್ಲು ಒಡೆಸಿದೆವು. ಕೆಳಗಿನ ಮಣ್ಣು ಬೇಸಿಗೆಯ ಹೊಲದಂತೆ ಒಣಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಪಂಡಿತ ಬೆವರು ಒರೆಸಿಕೊಂಡು ದೇವರ ಖೋಲಿಯ ಕಡೆಗೆ ನೋಡಿದ.

“ಆ ಒಳಗಿಂದು ಜರಾ ನೋಡ್ಲೇನ್ರಿ?”

“ಅದು ಅಗ್ಗಣಿ. ಅದಕ್ಕ ಯಾರೂ ಕೈ ಹಚ್ಚಂಗಿಲ್ಲ. ಮತ್ತ ಅದು ಯಾವಾಗ್ಲೂ ತುಂಬೇ ಇರ್ತದ. ಸೋರಿದ್ರ ಖಾಲಿ ಆಗ್ತಿರ್ಲಿಲ್ಲೇನು?” ಎಂದೆ ನಾನು.

“ಅಸೂ ದ್ಯಾ ಮಗ,” ಹಾಗಾದರೆ ಇರಲಿ ಬಿಡಿ, ಎಂದು ಮರಾಠಿಯಲ್ಲಿ ಹೇಳಿ ಕೈ ಝಾಡಿಸಿಕೊಂಡು ಪಂಡಿತ ಹೊರಟುಹೋದ. ಮುರಿದ ಬಚ್ಚಲು ನಮಗೆ ಉಳಿಯಿತು.

ಎಳ್ಳಮಾಸಿಗೆ ಎರಡು ದಿನ ಮೊದಲು, ಸೋಮವಾರ. ಯಜಮಾನರು ಭಕ್ತರ ಮನೆಗೆ ಪೂಜೆಗೆ ಹೋಗಿದ್ದರು. ಮಗ ಸೊಸೆ ಇಬ್ಬರೂ ಶಾಲೆಗೆ, ಇಬ್ಬರೂ ಮಾಸ್ತರಿಕೆಯವರು. ನಾನು ಕಾಳು ಆರಿಸುತ್ತ ಕೂತಿದ್ದೆ. ಮಾಳಮ್ಮ ಒನಕೆ ಹಿಡಿದುಕೊಂಡು ಅಂಗಳದಲ್ಲಿ ಬಂದು ನಿಂತಳು. ನಾನು ಮೊರ ಪಕ್ಕಕ್ಕೆ ಸರಿಸಿ ಎದ್ದು ನಿಂತೆ.

“ಅಮ್ಮೋರೆ, ಹೋಗೋದು ಹೋಗ್ತಿನಿ. ಆದ್ರ ಕಳ್ಳಿ ಅನಸ್ಕೊಂಡು ಹೋಗಂಗಿಲ್ಲ.”

“ಮತ್ತೇನ್ ಅನಸ್ಕೊಂಡು ಹೋಗ್ತಿ?”

“ಶನಿವಾರ ನೀವು ಟ್ಯಾಂಕರ್ ಹಾಕಸಿದ್ರಿ. ಅಂದಿನಿಂದ ನಿಮ್ಮ ಹೌಜಿಂದು ಒಂದ ತಂಬಿಗಿ ಭಿ ಮುಟ್ಟಿಲ್ಲ ನಾ. ಮಠದ ಬೋರಿಂಗಿನಿಂದ ಹೊತ್ತು ತಂದಿನಿ. ನೀವು ಕೀಲಿ ತಗದಿಲ್ಲ, ಖರೆ ಹೌದಲ್ರಿ? ಈಗ ತಗೀರಿ. ಎಷ್ಟ ಉಳದದ ನೋಡ್ರಿ.”

ಹೌದು, ಎರಡು ದಿನದಿಂದ ಅವಳು ಕೊಡ ಹಿಡಿದು ಬಂದಿರಲಿಲ್ಲ. ಸೊಕ್ಕು ಬಂದಿದೆ ಎಂದುಕೊಂಡು ನಾನೂ ಸುಮ್ಮನಿದ್ದೆ. ಬೀಗ ತೆಗೆದು ಬಗ್ಗಿ ನೋಡಿದೆ. ಶನಿವಾರ ಕುತ್ತಿಗೆಮಟ್ಟ ಇದ್ದ ನೀರು ಮೊಣಕಾಲಿಗೆ ಬಂದಿತ್ತು. ನಾವು ನಾಲ್ಕು ಜನ ಎರಡು ದಿನದಲ್ಲಿ ಅಷ್ಟು ಬಳಸುವುದು ಸಾಧ್ಯವೇ ಇರಲಿಲ್ಲ. ಮುರಿದ ಬಚ್ಚಲಿನಲ್ಲಿ ನೆಟ್ಟಗೆ ಸ್ನಾನವನ್ನೂ ಮಾಡಿರಲಿಲ್ಲ.

“ಈಗ ಮೋಟಾರ್ ಹಚ್ಚಿ ಟಾಕಿ ತುಂಬಸ್ರಿ. ಎಲ್ಲಾ ನಳ ಬಂದ್ ಮಾಡ್ರಿ. ನಾ ಹೇಳೋದು ಬ್ಯಾಡ, ನಿಮ್ಮ ಕಿಂವಿಲೇ ಕೇಳ್ರಿ.”

ಮಾಳಮ್ಮನ ತೀರಿಕೊಂಡ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಪೈಪುಗಳ ಕೆಲಸ ಮಾಡುತ್ತಿದ್ದನಂತೆ. ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಪೈಪಿಗೆ, ಇನ್ನೊಂದನ್ನು ಕಿವಿಗೆ ಹಚ್ಚಿ, ಒಳಗೆ ಏನು ಹರಿಯುತ್ತಿದೆ ಎಂದು ಹೇಳುತ್ತಿದ್ದನಂತೆ. ಸಲಾಕೆ ಅವನ ಜೊತೆಗೇ ಹೋಯಿತು, ಒನಕೆ ಇವಳ ಬಳಿ ಇತ್ತು. ಟಾಕಿ ತುಂಬಿದ ಮೇಲೆ ಮೋಟಾರು ನಿಲ್ಲಿಸಿ ಎಲ್ಲ ನಳ ಬಿಗಿ ಮಾಡಿದೆ. ಇಬ್ಬರೂ ಮನೆ ಸುತ್ತಿದೆವು. ಬಚ್ಚಲಿಗೆ ಇಳಿಯುವ ಕೊಳವೆಗೆ ಅವಳು ಒನಕೆ ಒತ್ತಿ ಹಿಡಿದಳು, ನಾನು ಕಿವಿಗೊಟ್ಟೆ. ಏನೂ ಇಲ್ಲ. ಅಡುಗೆಮನೆಯ ಕೊಳವೆಯಲ್ಲೂ ಏನೂ ಇಲ್ಲ. ದೇವರ ಖೋಲಿಯ ಹಿಂದಿನ ಗೋಡೆಯ ಮೇಲೆ ಇಳಿದ ಕೊಳವೆಗೆ ಬಂದೆವು.

ಅಲ್ಲಿ ಸದ್ದಿತ್ತು. ಹಾಲು ಉಕ್ಕುವ ಮೊದಲು ಪಾತ್ರೆಯ ಅಂಚಿನಲ್ಲಿ ಬರುವಂಥ ಸಣ್ಣ ಸದ್ದು, ಒಂದೇ ಸಮನೆ. ನಾನು ಕಿವಿ ತೆಗೆದು ಸೆರಗಿನಿಂದ ಒರೆಸಿಕೊಂಡು ಮತ್ತೆ ಇಟ್ಟೆ. ಸದ್ದು ನಿಲ್ಲಲಿಲ್ಲ.

ನಿಜ ಹೇಳುತ್ತೇನೆ, ಆಗ ನನಗೆ ಮೊದಲು ಬಂದದ್ದು ನಾಚಿಕೆಯಲ್ಲ. ಸಿಟ್ಟು. ಇವಳು ಹೇಳಿದ್ದು ಸರಿಯಾಯಿತಲ್ಲ ಎಂಬ ಸಿಟ್ಟು. ನಾಚಿಕೆ ಆಮೇಲೆ ಬಂತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವ ಹೆಂಗಸರನ್ನು ಕಂಡು ನಾನು ಎಷ್ಟು ಸಲ ನಕ್ಕಿದ್ದೆನೋ, ಅಷ್ಟೂ ನಗು ಆಗ ನನ್ನ ಮೇಲೇ ತಿರುಗಿತು.

ಯಜಮಾನರು ಮಧ್ಯಾಹ್ನ ಬಂದರು. ಕಾಲು ತೊಳೆಯಲು ನೀರು ಕೊಟ್ಟು ವಿಷಯ ಹೇಳಿದೆ. ಅವರಿಗೆ ಸಿಟ್ಟು ಬರುವುದು ಕಡಿಮೆ, ಬಂದರೆ ದನಿ ಇನ್ನೂ ಸಣ್ಣದಾಗುತ್ತದೆ.

“ನೀಲಾ, ನಿನ್ನ ಬುದ್ಧಿಗಿ ಏನಾಗ್ಯದ? ತುಂಬಿದ ಹೌಜು ಸೋರತದೇನು? ಇಂದ ಮುಂಜಾನಿ ಭಿ ಅಂಚಿಗೇ ನೀರ ಇದ್ದವು.”

“ಒಮ್ಮ ಮುಚ್ಚಳ ತಗದು ನೋಡೂಣು ಅಂತೀನ್ರಿ, ಅಷ್ಟೇ.”

“ಯಾರು ನೋಡೋರು? ನನಗ ಕಣ್ಣ ಕಾಣಸಂಗಿಲ್ಲ. ಸಂಗಮೇಶ ಸಂಜಿಗಿ ಬರ್ತಾನ, ಮಡಿ ಉಟ್ಟು ನೋಡ್ಯಾನು, ಆದ್ರ ಅಂವಾ ಏನ್ ತಿಳಕೊಂಡಾನ ಇದರಾಗ?”

“ನಾ ನೋಡ್ತಿನ್ರಿ ಅಯ್ನೋರೆ,” ಎಂದಳು ಮಾಳಮ್ಮ. ಅವಳು ಹೊಸ್ತಿಲ ಹೊರಗೆ ನಿಂತಿದ್ದಳು.

ಯಜಮಾನರು ದನಿ ಬಂದ ಕಡೆ ಮುಖ ತಿರುಗಿಸಿದರು. “ಅದು ಪೂಜಿ ನೀರು ತಾಯಿ. ಮೈಲಿಗಿ ಆಗ್ತದ.”

“ನನ್ನ ಕ್ವಾಳ್ಳಾಗ ಲಿಂಗ ಕಟ್ಟಿದೋರು ಯಾರ್ರಿ?”

“ನಾನೇ ಕಟ್ಟಿನಿ. ನಿನಗ, ನಿನ್ನ ಮಗಳಿಗಿ.”

“ಅಂದ ನೀವೇ ಹೇಳಿದ್ರಿ, ಲಿಂಗ ಕಟ್ಟಿದ ಮ್ಯಾಲ ಸೂತಕ ಇಲ್ಲ, ಮೈಲಿಗಿ ಇಲ್ಲ ಅಂತ. ನಾ ಅದನ್ನ ನಂಬೀನ್ರಿ. ಮತ್ತ ಇಂದ ಮೈಲಿಗಿ ಎಲ್ಲಿಂದ ಬಂತು?”

ಯಜಮಾನರು ತಮ್ಮ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬೆರಳಿಂದ ಸವರಿಕೊಂಡರು. ಎದ್ದು ದೇವರ ಖೋಲಿಯ ಬಾಗಿಲು ತೆರೆದರು.

“ಬಾ ಒಳಗ,” ಎಂದರು.

ಮುಚ್ಚಳವನ್ನು ಅವರೇ ಎತ್ತಿದರು. ಒಳಗೆ ತಿಳಿನೀರು ಅಂಚಿನವರೆಗೆ ನಿಂತಿತ್ತು. ಚೆಂಡು ತೇಲುತ್ತಿತ್ತು. ನಳದಿಂದ ಕಡ್ಡಿ ದಪ್ಪದ ಧಾರೆ ಸದ್ದಿಲ್ಲದೆ ನೀರಿನೊಳಕ್ಕೇ ಇಳಿಯುತ್ತಿತ್ತು. ಎಷ್ಟು ಬೀಳುತ್ತಿತ್ತೋ ಅಷ್ಟೇ ಎಲ್ಲಿಗೋ ಹೋಗುತ್ತಿತ್ತು. ಅದಕ್ಕೇ ಹೌಜು ತುಂಬಿಯೂ ಇತ್ತು, ಮೇಲಿನ ಟಾಕಿ ಖಾಲಿಯೂ ಆಗುತ್ತಿತ್ತು.

“ಈ ಚೆಂಡ ಮ್ಯಾಲಕ್ಕೆತ್ತಿ ಕಟ್ಟಬೇಕ್ರಿ, ನಳ ಬಂದ್ ಆಗಂಗ. ಒಂದ ದಾರ ಕೊಡ್ರಿ,” ಎಂದಳು ಮಾಳಮ್ಮ.

ಕೈಗೆ ಸಿಕ್ಕಿದ್ದು ಭಕ್ತರ ಲಿಂಗಕ್ಕೆ ಕಟ್ಟುವ ಶಿವದಾರದ ಉಂಡೆ. ಯಜಮಾನರು ಅದರಲ್ಲೇ ಒಂದು ಮೊಳ ಕಿತ್ತು ಕೊಟ್ಟರು. ನೀರು ಎಲ್ಲಿದೆ ಎಂದು ಕಲ್ಲಿನ ಮೇಲೆ ಗುರುತು ಮಾಡಬೇಕಿತ್ತು. ಸೀಮೆಸುಣ್ಣ ಇರಲಿಲ್ಲ. ಅವರು ವಿಭೂತಿಯ ಗಟ್ಟಿಯನ್ನೇ ಅವಳ ಅಂಗೈಯಲ್ಲಿಟ್ಟರು. ಮಾಳಮ್ಮ ಅದನ್ನು ಒಮ್ಮೆ ಕಣ್ಣಿಗೊತ್ತಿಕೊಂಡು, ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಬಿಳಿ ಗೀಟು ಎಳೆದಳು. ಒಂದು ತಾಸು ಕಾಯಬೇಕು ಎಂದಳು.

ಯಜಮಾನರು ಅಲ್ಲೇ ಮಣೆಯ ಮೇಲೆ ಜಪಕ್ಕೆ ಕೂತರು. ರುದ್ರಾಕ್ಷಿಸರದ ಒಂದೇ ಮಣಿಯ ಮೇಲೆ ಬೆರಳು ನಿಂತುಬಿಟ್ಟಿತ್ತು. ನಾನು ಬಾಗಿಲಲ್ಲಿ, ಮಾಳಮ್ಮ ಹೌಜಿನ ಪಕ್ಕ. ಅವಳ ಮುಖವನ್ನು ನೋಡುವ ಧೈರ್ಯ ನನಗಿರಲಿಲ್ಲ. ಅವಳ ಕೈಗಳನ್ನೇ ನೋಡಿದೆ, ರೊಟ್ಟಿ ಬಡಿದು ಬಡಿದು ಚಪ್ಪಟೆಯಾದ ಕೈಗಳನ್ನು.

ತಾಸಾದ ಮೇಲೆ ಯಜಮಾನರು ಬಗ್ಗಿ ಕೈ ಇಳಿಸಿದರು. ಅಂಚಿನಲ್ಲಿ ನೀರು ಸಿಗಲಿಲ್ಲ.

“ಇನ್ನ ಕೆಳಗ್ರಿ,” ಎಂದಳು ಮಾಳಮ್ಮ. “ಅದು ಗೀಟು. ಇನ್ನ ಜರಾ ಕೆಳಗ.”

ನೀರು ಗೀಟಿನಿಂದ ಮೂರು ಬೆರಳು ಕೆಳಗಿತ್ತು. ಅವರು ಬೆರಳಿಟ್ಟು ಅಳೆದರು. ಮತ್ತೆ ಗೀಟಿಗೆ ಬಂದರು, ಮತ್ತೆ ನೀರಿಗೆ ಇಳಿದರು. ಹಾಗೆ ನಾಲ್ಕೈದು ಸಲ ಮಾಡಿದರು.

“ತುಂಬಸಾಕಿ ಟಾಕಿ ಇದ್ದಳು,” ಎಂದರು ಕೊನೆಗೆ. “ನಾ ಶಿವಾ ತುಂಬಸ್ತಾನ ಅಂತ ಊರೆಲ್ಲಾ ಹೇಳ್ಕೋತ ತಿರಗಿದೆ. ತಾಯಿ, ನನ್ನ ಹೌಜಿನ ತಪ್ಪು ನಿನ್ನ ತಲಿ ಮ್ಯಾಲ ಬಂತು.”

ಅವರ ಕಣ್ಣಿಂದ ನೀರು ಇಳಿಯಿತು. ಮಾಳಮ್ಮ ವಿಭೂತಿಯನ್ನು ತಟ್ಟೆಯಲ್ಲಿಟ್ಟು, ಒನಕೆ ತೆಗೆದುಕೊಂಡು ತನ್ನ ಖೋಲಿಗೆ ಹೋದಳು.

ಮಂಗಳವಾರ ಪಂಡಿತ ಮತ್ತೆ ಬಂದ. ಈ ಸಲ ಅವನ ಕೈ ಏನೂ ಹೇಳಲಿಲ್ಲ, ಅವನೂ ಹೇಳಲಿಲ್ಲ. ಅಗ್ಗಣಿಯ ಹೌಜು ಖಾಲಿ ಮಾಡಿಸಿ ನೋಡಿದರೆ ತಳದ ಮೂಲೆಯ ಎರಡು ಕಲ್ಲುಗಳ ನಡುವಿನ ಹಳೆಯ ಗಚ್ಚು ಪೂರಾ ತಿಂದುಹೋಗಿತ್ತು, ಬೆರಳು ಒಳಗೆ ಹೋಗುತ್ತಿತ್ತು. ಪಕ್ಕದ ಪಡಸಾಲೆಯ ಚಪ್ಪಡಿಯನ್ನೂ ಎತ್ತಿಸಿದೆವು. ಅದರ ಕೆಳಗೆ ಹಗೇವು ಇತ್ತು, ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ಮಾವನವರ ಕಾಲದಲ್ಲೇ ಬಾಯಿ ಮುಚ್ಚಿ ಎಲ್ಲರೂ ಮರೆತಿದ್ದರು. ಎರಡು ತಿಂಗಳ ನೀರು ಅದರಲ್ಲಿ ಸೇರಿ, ಮಣ್ಣು ಕುಡಿದಷ್ಟು ಕುಡಿದು, ಇನ್ನೂ ಎದೆಮಟ್ಟ ನಿಂತಿತ್ತು. ಅದಕ್ಕೇ ಯಾವ ಗೋಡೆಯಲ್ಲೂ ಹಸಿ ಕಾಣಿಸಿರಲಿಲ್ಲ. ನಡುಗೋಡೆಯ ಬುನಾದಿ ಆ ಗುಂಡಿಯ ಅಂಚಿನಲ್ಲೇ ಇದೆ.

“ಇನ್ನೊಂದ ಮಳಿಗಾಲ ಹೋಗಿದ್ರ ಈ ಗೋಡಿ ಕುಂತೇ ಬಿಡ್ತಿತ್ರಿ ಮಹಾರಾಜ,” ಎಂದ ಪಂಡಿತ.

ಗುಂಡಿಯ ನೀರು ಎತ್ತಿಸಿ ಮುರುಮು ಮಣ್ಣು ತುಂಬಿ ಕುಟ್ಟಿಸಿದೆವು. ಕಲ್ಲಿನ ಸಂದಿಗೆ ಪಂಡಿತ ಸಿಮೆಂಟಿನಲ್ಲಿ ಸೋರದ ಮದ್ದು ಕಲಸಿ ತುಂಬಿದ. ಚೆಂಡಿನ ನಳವನ್ನು ಮತ್ತೆ ಕೂಡಿಸಲು ಹೋದಾಗ ಯಜಮಾನರು ತಡೆದರು.

“ಬ್ಯಾಡ. ತಾನೇ ತುಂಬತದಂತ ಯಾರೂ ನೋಡೋದೇ ಬಿಟ್ಟಿವಿ. ದಿನಾ ಎರಡ ಕೊಡಾ ಕೈಲೇ ಹಾಕೂಣು. ಎಷ್ಟ ಹಾಕಿದ್ವಿ, ಎಷ್ಟ ಉಳೀತು, ಗೊತ್ತಾಗ್ತದ.”

ಪ್ರತಿ ಅಮಾಸಿಗೆ ಒಂದು ತಾಸು ಮನೆಯ ಎಲ್ಲ ನಳ ಮುಚ್ಚಿ, ಹೌಜಿಗೂ ಟಾಕಿಗೂ ಗೀಟು ಎಳೆದು ನೋಡಬೇಕೆಂದು ಸಂಗಮೇಶ್ವರನಿಗೆ ಅಪ್ಪಣೆಯಾಯಿತು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬರುವ ಸೋಮವಾರವೇ ಉದಗೀರಕ್ಕೆ ಹೋಗುವುದೆಂದೂ ತಾವಾಗಿಯೇ ಹೇಳಿದರು. ನಾನು ಕೇಳಿ ಕೇಳಿ ಸೋತಿದ್ದ ಮಾತು!

ಎಲ್ಲ ಸರಿಹೋಯಿತು ಎಂದುಕೊಂಡೆ. ಬುಧವಾರ ಎಳ್ಳಮಾಸಿ, ಊರಿಗೆ ಊರೇ ಹೊಲಕ್ಕೆ ಹೋಗಿತ್ತು. ಭಕ್ತರ ಹೊಲದಲ್ಲಿ ಅಂಬಲಿ, ಭಜ್ಜಿ ಉಂಡು ಸಂಜೆಗೆ ಮನೆಗೆ ಬಂದರೆ, ಮಾಳಮ್ಮ ರೊಟ್ಟಿಯ ಹಂಚುಗಳನ್ನು ಗೋಣಿಯಲ್ಲಿ ಸುತ್ತುತ್ತಿದ್ದಳು. ಪ್ರಣಿತಾ ಗಂಟಿನ ಮೇಲೆ ಕೂತು ಪುಸ್ತಕ ಓದುತ್ತಿದ್ದಳು, ನನ್ನನ್ನು ಕಂಡೂ ತಲೆ ಎತ್ತಲಿಲ್ಲ.

ತಪ್ಪಾಯಿತು ಎನ್ನಬೇಕೆಂದೇ ಹೋದವಳು ನಾನು. ಬಾಯಿಂದ ಬಂದದ್ದು ಬೇರೆ.

“ಇದೇನ ನಡಸಿದಿ? ಎಲ್ಲಿಗಿ ಹೊಂಟಿ? ನೀರಿಂದು ಬಗೀಹರೀತಲ್ಲ. ನಾ ಏನ್ ಹೋಗು ಅಂದಿನೇನು ಈಗ?”

“ನಾಳಿ ಟೆಂಪೋ ಬರ್ತದ್ರಿ.”

“ಇನ್ನ ಮ್ಯಾಲ ಬೀಗ ಹಾಕಂಗಿಲ್ಲ. ಬೇಕಾದಷ್ಟ ಕೊಡಾ ಒಯ್ಯಿ.”

ಮಾಳಮ್ಮ ಹಗ್ಗ ಬಿಗಿಯುವುದನ್ನು ನಿಲ್ಲಿಸಿದಳು. “ಅಮ್ಮೋರೆ, ನಾ ಹೋಗೋದು ನೀರಿನ ಸಲೇಕ ಅಲ್ರಿ. ಅಯ್ನೋರು ನನ್ನ ಮುಂದ ಕಣ್ಣೀರ ಹಾಕಿದ್ರು, ನನ್ನ ಸಂಕಟ ಅಲ್ಲೇ ಹೋತು. ಖರೆ ನೀವು ಕಳ್ಳಿ ಅಂದಿದ್ದು ಮನ್ಯಾಗ ಅಲ್ಲ. ನಾಲ್ಕ ಮಂದಿ ನಡುವ ಅಂದ್ರಿ. ನಾ ಇಲ್ಲೇ ಉಳದ್ರ ಅವರೆಲ್ಲಾ ಏನಂತಾರ? ಅಮ್ಮೋರು ಪಾಪ ಅಂತ ಕಳ್ಳಿಗಿ ಇಟ್ಕೊಂಡಾರ ಅಂತಾರ. ನನ್ನ ಮಗಳು ಆ ಮಂದ್ಯಾಗೇ ತಿರಗಬೇಕು.”

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೆ ಎನ್ನುತ್ತಾರೆ. ನಾನು ಒಳಗೆ ಬಂದು ಅಡುಗೆಮನೆಯಲ್ಲಿ ಸುಮ್ಮನೆ ಕೂತೆ. ಮಾಳಮ್ಮನಿಗೆ ಏನು ಬೇಕೆಂದು ನನಗೆ ಚೆನ್ನಾಗಿ ಗೊತ್ತಾಗಿತ್ತು. ಅದನ್ನು ಕೊಡಲು ಮನಸ್ಸೂ ಇತ್ತು. ಹೆದರಿಕೆಯೂ ಅಷ್ಟೇ ಇತ್ತು. ಜಂಗಮರ ಮನೆಯ ಹಿರಿಯಳು ನಾನು. ಓಣಿಯಲ್ಲಿ ಎಲ್ಲರೂ ನನ್ನ ಕಾಲಿಗೆ ಎರಗುವವರೇ.

ಗುರುವಾರ ಬೆಳಿಗ್ಗೆ ನಳ ಬಂತು. ಓಣಿಯ ತುಂಬ ಕೊಡಗಳು, ಹೆಂಗಸರು, ಗದ್ದಲ. ಟೆಂಪೋದವನೂ ಆಗಲೇ ಬಂದು ನಮ್ಮ ಬಾಗಿಲ ಮುಂದೆ ನಿಲ್ಲಿಸಿದ್ದ. ಮಾಳಮ್ಮ ಮೊದಲ ಗಂಟು ಹೊತ್ತು ಹೊರಗೆ ಬಂದಳು. ನಾನು ನಮ್ಮ ಕಟ್ಟೆಯ ಮೇಲೆ ಹತ್ತಿ ನಿಂತೆ.

“ಎಲ್ಲಾರೂ ಕೇಳ್ರಿ! ದೀಪಾವಳಿ ಆದಾಗಿಂದ ನಮ್ಮ ಮನಿ ನೀರ ಕದಿಯೋರು ಸಿಕ್ಕಾರ!”

ಗದ್ದಲ ನಿಂತಿತು. ಎಲ್ಲರೂ ಮಾಳಮ್ಮನ ಕಡೆ ತಿರುಗಿದರು. ಗಂಟು ಹೊತ್ತ ಅವಳ ಮುಖ ಸುಣ್ಣದಂತೆ ಬೆಳ್ಳಗಾಯಿತು.

“ಆಕಿ ಕಡಿ ಯಾಕ ನೋಡ್ತೀರಿ? ನನ್ನ ಕಡಿ ನೋಡ್ರಿ. ಕದ್ದಿದ್ದು ನಮ್ಮ ದೇವರ ಖೋಲಿದು ಹೌಜು. ತಳಾ ಒಡದು ಸೋರ್ಲಾಕತ್ತಿತ್ತು. ಮಡಿ ಮಡಿ ಅಂತ ನಾವು ಮುಚ್ಚಳ ತಗೀಲೇ ಇಲ್ಲ. ಹುಡಕಿದಾಕಿ ಮಾಳಮ್ಮ. ನಮ್ಮ ಮನಿ ಗೋಡಿ ಉಳಿಸಿದಾಕಿ ಭಿ ಮಾಳಮ್ಮ. ನಾ ಇದೇ ಜಾಗಾದಾಗ ನಿಂತು ಆಕಿಗಿ ಕಳ್ಳಿ ಅಂದಿದ್ದೆ. ಆಕಿ ಒಂದ ಹನಿ ಭಿ ಕದ್ದಿಲ್ಲ. ತಪ್ಪ ನಂದು, ಪೂರಾ ನಂದು. ಗೌರಾಬಾಯಿ, ಅಂದ ನೀ ಆಕಿಗಿ ನಕ್ಕಿದ್ದಿ. ಇಂದ ನನಗ ನಗು!”

ಗೌರಾಬಾಯಿ ನಗಲಿಲ್ಲ. ಯಾರೂ ನಗಲಿಲ್ಲ. ಅಷ್ಟರಲ್ಲಿ ಯಜಮಾನರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಕೈಯಲ್ಲಿ ತೊಳೆದು ತಿಕ್ಕಿದ ತಾಮ್ರದ ಕೊಡ. ತಮ್ಮ ಹೊರತು ಯಾರ ಕೈಗೂ ಕೊಡದ ಕೊಡ ಅದು. ಅಷ್ಟೂ ಜನರ ಎದುರಿಗೆ ಅದನ್ನು ಮಾಳಮ್ಮನ ಕಡೆ ಚಾಚಿದರು.

“ತಾಯಿ, ಹೌಜು ಹೊಸದಾಗ್ಯದ. ಮೊದಲನೇ ಅಗ್ಗಣಿ ನಿನ್ನ ಕೈಲೇ ಬೀಳ್ಲಿ.”

ಮಾಳಮ್ಮ ಗಂಟನ್ನು ನಿಧಾನವಾಗಿ ನೆಲಕ್ಕಿಳಿಸಿದಳು. ಸೆರಗಿನಿಂದ ಎರಡೂ ಕೈ ಒರೆಸಿಕೊಂಡು ಕೊಡ ಈಸಿಕೊಂಡಳು. ಟೆಂಪೋದವನ ಕಡೆ ತಿರುಗಿ, “ಅಣ್ಣಾ, ನೀ ಹೋಗಪ್ಪ, ಇಂದ ಆಗಂಗಿಲ್ಲ,” ಎಂದಳು. ಪ್ರಣಿತಾ ಬಾಗಿಲಿನಿಂದ ಓಡಿ ಬಂದು ಆ ಗಂಟನ್ನು ಎತ್ತಿಕೊಂಡು ಒಳಗೆ ಹೋದಳು.

ನನಗೆ ಅಳು ಬಂತು. ಅಳುತ್ತಲೇ ಇನ್ನೂ ಏನೇನೋ ಹೇಳುತ್ತಿದ್ದೆ, ಎಂಟು ಕೊಡ ಎಣಿಸಿದ್ದು, ತಾಳಿಸರದಲ್ಲಿ ಕೀಲಿ ಕಟ್ಟಿಕೊಂಡದ್ದು, ಎಲ್ಲ. ಮಾಳಮ್ಮ ನಳದ ಬಳಿ ಬಗ್ಗಿದವಳು ತಿರುಗಿ ನನ್ನನ್ನು ಗದರಿದಳು.

“ಅಮ್ಮೋರೆ, ಅಳೋದು ಆಮ್ಯಾಲ ಅಳ್ರಿ. ಅರ್ಧಾ ತಾಸು ಉಳದದ, ಇನ್ನ ನಿಮ್ಮ ಹೌಜಿಗಿ ಪೈಪ್ ಹಚ್ಚಿಲ್ಲ. ಕೆಳಗ ಇಳೀರಿ, ಪೈಪ್ ತರ್ರಿ ಲಗೂ!”

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪೈಪು ತರಲು ಓಡಿದೆ.